ಹಳೆಯ ಟ್ರ್ಯಾಕ್ಟರಿನ ಸೋರುವ ಟ್ಯಾಂಕು

ಮುಂಗಾರಿನ ಮೊದಲ ಹದಮಳೆ ಬಿದ್ದು, ಹೊಲದ ಮಣ್ಣು ಕಾಲಿಗೆ ಅಂಟದಷ್ಟು ಆರಿ, ಇನ್ನು ಉಳುಮೆ ಹೂಡಬಹುದೆಂದು ರೈತನು ನಸುಕಿನಲ್ಲೆದ್ದು ಕೊಟ್ಟಿಗೆಯ ಬಾಗಿಲು ತೆರೆದಾಗ, ಟ್ರ್ಯಾಕ್ಟರಿನ ಕೆಳಗೆ ತಟ್ಟೆಯಗಲದ ಕಪ್ಪು ಕಲೆಯೊಂದು ಕಾಣಿಸಿಕೊಂಡು ಡೀಸೆಲ್ಲಿನ ವಾಸನೆ ಮೂಗಿಗೆ ಬಡಿಯುವುದು ನಮ್ಮ ಹಳ್ಳಿಗಳಲ್ಲಿ ಅಪರೂಪದ ಸಂಗತಿಯೇನಲ್ಲ. ಕಲೆಯನ್ನು ಕಂಡೊಡನೆ ಬಚ್ಚಲಿನಿಂದ ಬಟ್ಟೆ ಸೋಪಿನ ತುಂಡೊಂದು ಹೊರಬರುತ್ತದೆ. ಒಸರುವ ಜಾಗಕ್ಕೆ ಅದನ್ನು ಗಟ್ಟಿಯಾಗಿ ತಿಕ್ಕಿ, ಬಿತ್ತನೆ ಮುಗಿಯಲಿ, ಆಮೇಲೆ ನೋಡೋಣವೆಂದು ಹೊಲಕ್ಕೆ ಹೊರಟುಬಿಡುತ್ತಾರೆ. ಹೀಗೆ ಮತ್ತೆ ಮತ್ತೆ ಸೋಪು ತಿಕ್ಕಿಯೇ ಎರಡು ಮೂರು ಬಿತ್ತನೆಗಳನ್ನು ಕಳೆದ ಟ್ರ್ಯಾಕ್ಟರುಗಳನ್ನು ನಾನು ಕಂಡಿದ್ದೇನೆ.

ಸೋಪು ಕೆಲಸ ಮಾಡುವುದು ಸುಳ್ಳಲ್ಲ. ಅದು ಡೀಸೆಲ್ಲಿನಲ್ಲಿ ಕರಗುವ ವಸ್ತುವಲ್ಲವಾದ್ದರಿಂದ ಕೂದಲೆಳೆಯಂಥ ಬಿರುಕಿನಲ್ಲಿ ತುಂಬಿಕೊಂಡು ಒಂದೆರಡು ದಿನ ಹನಿಯನ್ನು ತಡೆಯುತ್ತದೆ; ಆದರೆ ಮಳೆಯ ನೀರು ತಾಗಿದರೆ ಕರಗುತ್ತದೆ, ಯಂತ್ರ ಅದುರಿದರೆ ಉದುರುತ್ತದೆ. ಹೊಲದ ನಡುವೆ ಸಿಕ್ಕಿಬಿದ್ದವನು ಊರು ಸೇರಲು ಅದು ಸಾಕು, ಅದಕ್ಕಿಂತ ಹೆಚ್ಚಿನ ಭಾರವನ್ನು ಅದರ ಮೇಲೆ ಹೊರಿಸಬಾರದು. ನಷ್ಟದ ಲೆಕ್ಕವನ್ನೇ ನೋಡಿ: ಸೆಕೆಂಡಿಗೊಂದು ಹನಿಯಂತೆ ದಿನಕ್ಕೆ 86,400 ಹನಿ; ಇಪ್ಪತ್ತೈದು ಹನಿಗೆ ಒಂದು ಮಿಲಿಲೀಟರು ಎಂದು ಹಿಡಿದರೂ ಒಂದು ಹಗಲು ಒಂದು ರಾತ್ರಿಗೆ ಮೂರೂವರೆ ಲೀಟರಿನಷ್ಟು ಡೀಸೆಲ್ಲು ಮಣ್ಣು ಸೇರುತ್ತದೆ. ಹಳೆಯ ಟ್ರ್ಯಾಕ್ಟರುಗಳಲ್ಲಿ ಟ್ಯಾಂಕು ಬಹುಮಟ್ಟಿಗೆ ಬಾನೆಟ್ಟಿನ ಕೆಳಗೆ, ಎಂಜಿನ್ನಿನ ಮೇಲೆಯೇ ಕೂತಿರುವುದರಿಂದ, ಸೋರಿದ್ದು ಸೈಲೆನ್ಸರಿನ ಮೇಲೋ ಡೈನಮೋದ ಮೇಲೋ ಬೀಳುವ ಭಯವೂ ಇದರೊಡನೆ ಸೇರಿಕೊಂಡಿದೆ.

ಹೊಸ ಟ್ಯಾಂಕು ತಂದುಬಿಡಬಾರದೇಕೆಂದು ಕೇಳಬಹುದು. ಬೆಂಗಳೂರಿನ ಗಡಿಯಾರಗಳಿಂದ ನಮಗೆಲ್ಲ ಪರಿಚಿತವಾದ ಎಚ್.ಎಂ.ಟಿ. ಸಂಸ್ಥೆಯು ಚೆಕೊಸ್ಲೊವಾಕಿಯದ ಜೆಟರ್ ತಂತ್ರಜ್ಞಾನವನ್ನು ಪಡೆದು, ಹರಿಯಾಣದ ಪಿಂಜೋರಿನಲ್ಲಿ 1971ರಿಂದ ತಯಾರಿಸಿದ 25 ಅಶ್ವಶಕ್ತಿಯ ಟ್ರ್ಯಾಕ್ಟರುಗಳು ಇಂದಿಗೂ ನಮ್ಮ ಊರುಗಳಲ್ಲಿ ದುಡಿಯುತ್ತಿವೆ. ಆದರೆ ಆ ಟ್ರ್ಯಾಕ್ಟರು ವಿಭಾಗವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಹೀಗೆ ತಯಾರಿಕೆ ನಿಂತುಹೋದ ಯಂತ್ರಗಳಿಗೆ ಅಚ್ಚುಕಟ್ಟಾಗಿ ಕೂರುವ ಟ್ಯಾಂಕು ಗುಜರಿಯಲ್ಲಿ ದೊರೆತರೆ ಪುಣ್ಯ, ಇಲ್ಲವಾದರೆ ಇದ್ದುದನ್ನೇ ಸರಿಪಡಿಸಿಕೊಳ್ಳತಕ್ಕದ್ದು. ಸರಿಪಡಿಸಲು ಸಾಧ್ಯವೂ ಉಂಟು. ಆದರೆ ಈ ಕೆಲಸದಲ್ಲಿ ತೂತು ಮುಚ್ಚುವುದು ಕಾಲುಭಾಗ, ತೊಳೆಯುವುದು ಮುಕ್ಕಾಲು ಭಾಗ ಎಂಬುದನ್ನು ಓದುಗರು ಮೊದಲೇ ಮನಸ್ಸಿಗೆ ತಂದುಕೊಳ್ಳಬೇಕೆಂದು ನನ್ನ ಪ್ರಾರ್ಥನೆ.

ಟ್ಯಾಂಕು ತೂತಾಗುವುದೇಕೆ?

ಉಕ್ಕಿನ ಟ್ಯಾಂಕು ಹೊರಗಿನ ಮಳೆಗಿಂತ ಹೆಚ್ಚಾಗಿ ಒಳಗಿನ ನೀರಿನಿಂದ ಕೆಡುತ್ತದೆ. ಸಂಜೆ ಕೆಲಸ ಮುಗಿಸಿ ಅರ್ಧ ಖಾಲಿಯಾದ ಟ್ಯಾಂಕನ್ನು ಹಾಗೆಯೇ ನಿಲ್ಲಿಸಿದರೆ, ಎಣ್ಣೆಯ ಮೇಲಿನ ಬಿಸಿ ಗಾಳಿ ರಾತ್ರಿ ತಣ್ಣಗಾಗಿ ಕುಗ್ಗುತ್ತದೆ. ಮುಚ್ಚಳದ ಸಣ್ಣ ಉಸಿರುಗಂಡಿಯ ಮೂಲಕ ಹೊರಗಿನ ತೇವದ ಗಾಳಿ ಒಳಗೆ ಬಂದು, ತಣ್ಣನೆಯ ತಗಡಿಗೆ ತಾಗಿ ಇಬ್ಬನಿಯಾಗಿ ಇಳಿಯುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಇದು ರಾತ್ರಿರಾತ್ರಿಯೂ ನಡೆಯುವ ಕ್ರಿಯೆ. ಒಂದು ಲೀಟರು ಡೀಸೆಲ್ಲು ಸುಮಾರು 830 ಗ್ರಾಂ ತೂಗುತ್ತದೆ, ಒಂದು ಲೀಟರು ನೀರು ಒಂದು ಕಿಲೋ ತೂಗುತ್ತದೆ. ಆದ್ದರಿಂದ ನೀರು ತಳ ಸೇರುತ್ತದೆ. ನಲ್ಲಿಯ ಕೊಳವೆಯೋ, ಮಡ್ಡಿ ಎಂಜಿನ್ನಿಗೆ ಹೋಗದಿರಲೆಂದು, ತಳದಿಂದ ತುಸು ಮೇಲಕ್ಕೆ ನಿಂತಿರುತ್ತದೆ. ಎಂಜಿನ್ನು ಎಷ್ಟು ಡೀಸೆಲ್ಲು ಕುಡಿದರೂ ಆ ಕೊಳವೆಗೆ ಎಟುಕದ ನೀರು ವರ್ಷಾನುಗಟ್ಟಲೆ ಅಲ್ಲೇ ನಿಂತು ತಗಡನ್ನು ತಿನ್ನುತ್ತದೆ. ನೀರು ಮತ್ತು ಡೀಸೆಲ್ಲು ಸಂಧಿಸುವ ಪದರದಲ್ಲಿ ಸೂಕ್ಷ್ಮ ಜೀವಿಗಳೂ ಬೆಳೆದು, ಲೋಳೆಯಂಥ ಕಪ್ಪು ಮಡ್ಡಿಯನ್ನೂ ಆಮ್ಲವನ್ನೂ ಉಂಟುಮಾಡಿ ಈ ಸವೆತಕ್ಕೆ ನೆರವಾಗುತ್ತವೆ.

ಎರಡನೆಯ ಕಾರಣ ಅದುರುವಿಕೆ. ಟ್ಯಾಂಕನ್ನು ಬಿಗಿದ ಪಟ್ಟಿ ಸಡಿಲವಾಗಿದ್ದರೆ, ತಗಡು ಪಟ್ಟಿಯ ಅಂಚಿನಲ್ಲಿ ತಿಕ್ಕಿ ಸವೆಯುತ್ತದೆ, ಎರಡು ತಗಡು ಸೇರುವ ಹೊಲಿಗೆ ಬಿರುಕುಬಿಡುತ್ತದೆ. ಪಟ್ಟಿಯ ಕೆಳಗಿನ ಕಂಬಳಿ ತುಂಡು ಮಳೆಯ ನೀರನ್ನು ಹೀರಿಕೊಂಡು ತಿಂಗಳುಗಟ್ಟಲೆ ಒದ್ದೆಯಾಗಿಯೇ ಇರುವುದರಿಂದ, ಹೊರಗಿನಿಂದ ತುಕ್ಕು ಹಿಡಿಯುವುದಾದರೆ ಅಲ್ಲಿಂದಲೇ ಮೊದಲಾಗುತ್ತದೆ.

ಸೋರುವುದು ಟ್ಯಾಂಕೇ ಹೌದೆ?

ಡೀಸೆಲ್ಲಿಗೆ ಹರಿದಾಡುವ ಸ್ವಭಾವ ಬಹಳ. ಮೇಲೆಲ್ಲೋ ಒಸರಿದ್ದು ತಗಡಿನ ಮೈಗೆ ತೆಳ್ಳಗೆ ಅಂಟಿಕೊಂಡು ಇಳಿದು, ಅತ್ಯಂತ ತಗ್ಗಾದ ಬಿಂದುವಿನಲ್ಲಿ ಹನಿಯಾಗಿ ತೂಗುತ್ತದೆ. ನಾವು ಆ ಹನಿಯನ್ನು ಕಂಡು ಅಲ್ಲೇ ತೂತಿದೆಯೆಂದು ಭ್ರಮಿಸುತ್ತೇವೆ. ಇಂಜೆಕ್ಟರುಗಳಿಂದ ಮಿಕ್ಕ ಡೀಸೆಲ್ಲನ್ನು ಟ್ಯಾಂಕಿಗೆ ಹಿಂದಿರುಗಿಸುವ ಸಣ್ಣ ಕೊಳವೆ ಸೀಳಿರಬಹುದು, ನಲ್ಲಿಯ ವಾಷರು ಚಪ್ಪಟೆಯಾಗಿರಬಹುದು, ತುಂಬ ತುಂಬಿಸಿದಾಗ ಮುಚ್ಚಳದ ರಬ್ಬರಿನಿಂದ ತುಳುಕಿರಬಹುದು. ಇವೆಲ್ಲ ಕೆಲವೇ ರೂಪಾಯಿಯ ರೋಗಗಳು. ಇವುಗಳಿಗಾಗಿ ಟ್ಯಾಂಕನ್ನು ಕಳಚುವುದು ವ್ಯರ್ಥ.

ಆದ್ದರಿಂದ ಟ್ಯಾಂಕಿನ ಹೊರಮೈಯನ್ನು ಸೋಪಿನ ನೀರಿನಿಂದ ತೊಳೆದು, ಒಣಬಟ್ಟೆಯಿಂದ ಒರೆಸಿ, ಚೆನ್ನಾಗಿ ಆರಿದ ಮೇಲೆ, ಶಾಲೆಯ ಸೀಮೆಸುಣ್ಣವನ್ನು ಪುಡಿಮಾಡಿ ನೀರಿನಲ್ಲಿ ಕದಡಿ ತೆಳ್ಳಗೆ ಬಳಿಯಿರಿ. ಅದು ಬೆಳ್ಳಗೆ ಒಣಗಿದ ಮೇಲೆ ಅರ್ಧ ಗಂಟೆ ಕಾಯಿರಿ. ಡೀಸೆಲ್ಲು ಎಲ್ಲಿಂದ ಹೊರಡುತ್ತದೆಯೋ ಅಲ್ಲಿ ಬಿಳುಪಿನ ಮೇಲೆ ಸಾಸಿವೆಗಾತ್ರದ ಬೂದು ಚುಕ್ಕೆ ಹುಟ್ಟಿ, ನೋಡುನೋಡುತ್ತಿರುವಂತೆಯೇ ಕಡಲೆಯಷ್ಟಾಗಿ, ಬಳಿಕ ಕೆಳಮುಖವಾಗಿ ಬಾಲ ಬಿಡುತ್ತದೆ. ಆ ಚುಕ್ಕೆಯ ತಲೆಯೇ ತೂತು, ಬಾಲವಲ್ಲ. ಎಂಜಿನ್ನು ನಿಂತಿರುವಾಗ ಚುಕ್ಕೆ ಮೂಡದೆ, ಓಡುವಾಗ ಮಾತ್ರ ಒದ್ದೆಯಾದರೆ, ಹಿಂದಿರುಗುವ ಕೊಳವೆಯನ್ನು ಸಂದೇಹಿಸಿರಿ.

ಖಾಲಿ ಟ್ಯಾಂಕಿನ ಭಯ

ಇಲ್ಲಿಗೆ ಬಂದ ಓದುಗರು ದಯವಿಟ್ಟು ನಿಧಾನಿಸಬೇಕು. ಡೀಸೆಲ್ಲು ಪೆಟ್ರೋಲಿನಂತಲ್ಲ, ಬೆಂಕಿಕಡ್ಡಿ ಹಾಕಿದರೂ ಆರಿಹೋಗುತ್ತದೆ ಎಂಬ ಮಾತನ್ನು ಹಳ್ಳಿಗಳಲ್ಲಿ ಧೈರ್ಯವಾಗಿ ಆಡುವುದುಂಟು. ದ್ರವರೂಪದ ತಣ್ಣನೆಯ ಡೀಸೆಲ್ಲಿನ ಮಟ್ಟಿಗೆ ಅದರಲ್ಲಿ ಒಂದಂಶ ನಿಜವಿದ್ದರೂ, ಉರಿಯುವುದು ದ್ರವವಲ್ಲ, ಅದರ ಆವಿ ಎಂಬುದನ್ನು ಆ ಮಾತು ಮರೆಸಿಬಿಡುತ್ತದೆ. ಕಿಡಿ ಸೋಕಿದರೆ ಹೊತ್ತಿಕೊಳ್ಳುವಷ್ಟು ಆವಿಯನ್ನು ಡೀಸೆಲ್ಲು ಬಿಡಲು ತೊಡಗುವ ಉಷ್ಣತೆಯು ಕನಿಷ್ಠ 35 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ನಮ್ಮ ದೇಶದ ಮಾನಕ. ರಾಯಚೂರು ಕಲಬುರಗಿಗಳ ಬೇಸಗೆಯಲ್ಲಿ ನೆರಳಿನ ಉಷ್ಣತೆಯೇ 40ನ್ನು ದಾಟುವುದು ನಮಗೆಲ್ಲ ತಿಳಿದದ್ದೇ. ಇನ್ನು ಬೆಸುಗೆಯ ಬಿಸಿ ತಗುಲಿದ ಜಾಗದಲ್ಲಿ, ತಗಡಿನ ಹೊಲಿಗೆಯ ಸಂದಿನಲ್ಲಿ, ತುಕ್ಕಿನ ಹೊಪ್ಪಳಿಕೆಯ ಕೆಳಗೆ ಅಡಗಿರುವ ಒಂದು ಚಮಚ ಡೀಸೆಲ್ಲು ಕ್ಷಣಮಾತ್ರದಲ್ಲಿ ಆವಿಯಾಗಿ ಟ್ಯಾಂಕಿನೊಳಗಿನ ಗಾಳಿಯೊಡನೆ ಬೆರೆಯುತ್ತದೆ. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಎಡೆಯಿಲ್ಲ. ಖಾಲಿ ಟ್ಯಾಂಕಿನಲ್ಲಿ ಗಾಳಿಯೂ ಉಂಟು, ಆವಿಯೂ ಉಂಟು, ಸುತ್ತ ಉಕ್ಕಿನ ಗೋಡೆಯೂ ಉಂಟು.

ರೇಡಿಯೇಟರು ಬೆಸೆಯುವ ವೃದ್ಧ ಸಾಹೇಬರೊಬ್ಬರ ಅಂಗಡಿಗೆ ನಾನು ನನ್ನ ಟ್ಯಾಂಕನ್ನು ಹೊತ್ತು ಹೋದಾಗ, ಎರಡು ದಿನದಿಂದ ಬಿಸಿಲಿನಲ್ಲಿ ಬೋರಲು ಹಾಕಿ ಒಣಗಿಸಿದ್ದೇನೆ, ಈಗಲೇ ಬೆಸುಗೆ ಹಾಕಿಕೊಡಿ ಎಂದು ಅವಸರಪಡಿಸಿದೆ. ಅವರು ಟ್ಯಾಂಕಿನ ಬಾಯಿಗೆ ಮೂಗಿಟ್ಟು ನೋಡಿ, ಏನೂ ಹೇಳದೆ, ಅದನ್ನು ಕುಲುಮೆಯಿಂದ ದೂರ, ರಸ್ತೆಯಂಚಿನ ಹೊಂಗೆ ಮರದ ಬುಡಕ್ಕೆ ಒಯ್ದು ಇಟ್ಟುಬಂದರು. "ತುಂಬಿರೋ ಟ್ಯಾಂಕು ಎಣ್ಣೆ ಸ್ವಾಮಿ, ಖಾಲಿ ಟ್ಯಾಂಕು ಪಟಾಕಿ" ಎಂದರು. ಆಮೇಲೆ ಕುದಿನೀರು ಹೊಯ್ದು ಕುಲುಕಿ ಚೆಲ್ಲಿದರು; ಮೊದಲ ನೀರು ಚಹದ ಬಣ್ಣಕ್ಕೆ ಬಂತು, ಮೇಲೆ ಎಣ್ಣೆಯ ಕಾಮನಬಿಲ್ಲು ತೇಲುತ್ತಿತ್ತು. ಎರಡನೆಯದು ತಿಳಿಯಾಯಿತು, ಆದರೂ ಕಾಮನಬಿಲ್ಲು ಹೋಗಲಿಲ್ಲ. ಮೂರನೆಯದರಲ್ಲೂ ಒಂದೆರಡು ಬಣ್ಣದ ಉಂಗುರಗಳು ಕಂಡವು. ಎರಡು ದಿನದ ಬಿಸಿಲು ತೆಗೆಯಲಾರದ ಎಣ್ಣೆಯನ್ನು ನಾಲ್ಕನೆಯ ನೀರು ತೆಗೆಯಿತು. ಆ ನಾಲ್ಕು ಸಲದ ತೊಳೆತಕ್ಕೆ ಹಿಡಿದ ಹೊತ್ತು ಎರಡು ಗಂಟೆ; ಬೆಸುಗೆಗೆ ಹಿಡಿದದ್ದು ಹತ್ತು ನಿಮಿಷ.

ಯಾವ ತೂತಿಗೆ ಯಾವ ಉಪಾಯ

ಗುಂಡುಸೂಜಿಯ ತಲೆಯಷ್ಟಿನ ಒಂದೆರಡು ರಂಧ್ರಗಳಿದ್ದು, ಅವುಗಳ ಸುತ್ತಲಿನ ತಗಡು ಗಟ್ಟಿಯಾಗಿದ್ದರೆ, ಎರಡು ಮುದ್ದೆಗಳನ್ನು ಕಲಸಿ ಹಚ್ಚುವ ಎಂ-ಸೀಲ್‌ನಂಥ ಎಪಾಕ್ಸಿಯಿಂದ ಒಂದೆರಡು ಹಂಗಾಮು ನಿಶ್ಚಿಂತರಾಗಿರಬಹುದು. ಇದಕ್ಕೆ ಬೆಂಕಿ ಬೇಕಿಲ್ಲವಾದ್ದರಿಂದ ಮನೆಯಲ್ಲೇ ಮಾಡಿಕೊಳ್ಳಲು ಯೋಗ್ಯವಾದ ಉಪಾಯ ಇದೊಂದೇ.

ಕಡಲೆಗಾತ್ರದ ತೂತಿಗೆ, ಸವೆದು ತೆಳುವಾದ ಜಾಗಕ್ಕೆ, ಸೀಸ-ತವರದ ಬೆಸುಗೆಯಿಂದ ತೇಪೆ ಹಾಕಿಸುವುದು ಲೇಸು. ಹಳೆಯ ಕಾಲದ ಎಷ್ಟೋ ಟ್ಯಾಂಕುಗಳ ತಗಡಿಗೆ ಸೀಸ-ತವರದ ಲೇಪವಿರುತ್ತಿದ್ದುದರಿಂದ ಅವು ಬೆಸುಗೆಯನ್ನು ಸಂತೋಷದಿಂದ ಹಿಡಿಯುತ್ತವೆ. ಅರುವತ್ತು ಭಾಗ ತವರ, ನಲವತ್ತು ಭಾಗ ಸೀಸದ ಬೆಸುಗೆಯು 183 ಡಿಗ್ರಿಯಲ್ಲೇ ಕರಗತೊಡಗುವುದರಿಂದ ತಗಡು ಸುಟ್ಟುಹೋಗುವ ಭಯವಿಲ್ಲ.

ಹೊಲಿಗೆಯಲ್ಲೋ ಪಟ್ಟಿಯ ಪಕ್ಕದಲ್ಲೋ ಬಿರುಕು ಬಿಟ್ಟಿದ್ದರೆ ಈ ಮೃದುವಾದ ಬೆಸುಗೆ ಅದುರುವಿಕೆಯನ್ನು ತಾಳಲಾರದು. ಅಲ್ಲಿ ಹಿತ್ತಾಳೆ ಕಡ್ಡಿಯ ಗ್ಯಾಸ್ ಬೆಸುಗೆಯೇ ಆಗಬೇಕು. ಅದನ್ನು ಟ್ಯಾಂಕಿನ ಕೆಲಸದಲ್ಲಿ ಪಳಗಿದವರಲ್ಲದೆ ಬೇರೆ ಯಾರೂ ಪ್ರಯತ್ನಿಸಕೂಡದು. ಕರೆಂಟು ವೆಲ್ಡಿಂಗು ತೆಳು ತಗಡನ್ನು ಕೊರೆದುಕೊಂಡು ಹೋಗಿ, ಒಂದು ತೂತಿದ್ದಲ್ಲಿ ಮೂರು ಮಾಡುವ ಸಂಭವವೇ ಹೆಚ್ಚು.

ಟ್ಯಾಂಕಿನ ತಳವನ್ನು ಸ್ಕ್ರೂಡ್ರೈವರಿನ ಮೂತಿಯಿಂದ ಅಂಗುಲ ಅಂಗುಲವಾಗಿ ಒತ್ತಿ ನೋಡಿರಿ. ಅಂಗೈಯಗಲದಲ್ಲಿ ಮೂರು ಕಡೆ ಮೂತಿ ಒಳಹೋದರೆ ಆ ತಗಡಿನ ಆಯುಸ್ಸು ಮುಗಿದಿದೆ. ತೇಪೆಗೆ ಹಣ ಸುರಿಯದೆ, ತಳವನ್ನೇ ಕತ್ತರಿಸಿ ಹೊಸ ತಗಡು ಕೂರಿಸುವವರನ್ನೋ ಗುಜರಿಯ ಟ್ಯಾಂಕನ್ನೋ ಹುಡುಕುವುದು ವಿವೇಕ.

ಕೆಲಸದ ಕ್ರಮ

1. ಬ್ಯಾಟರಿಯ ತಂತಿಯನ್ನು ಮೊದಲು ಬಿಚ್ಚಿರಿ. ಮೈಗೆ ಕೂಡಿಸಿದ ಅರ್ಥಿಂಗ್ ತಂತಿಯನ್ನು ಮುಂದಾಗಿ ಬಿಚ್ಚಿದರೆ ಪಾನ ಜಾರಿದರೂ ಕಿಡಿ ಹಾರುವುದಿಲ್ಲ. ಎಂಜಿನ್ನು ಪೂರ್ತಿ ತಣ್ಣಗಾಗಿರಲಿ. ಬಯಲಿನಲ್ಲಿ ಕೆಲಸ ಮಾಡಿರಿ; ಡೀಸೆಲ್ಲಿನ ಆವಿ ಗಾಳಿಗಿಂತ ಭಾರವಾದ್ದರಿಂದ ಮುಚ್ಚಿದ ಕೊಟ್ಟಿಗೆಯ ನೆಲದಲ್ಲಿ ಹರಡಿ, ದೂರದ ಒಲೆಯವರೆಗೂ ಹೋಗಬಲ್ಲದು. ಒಂದು ಪುಟ್ಟಿ ಒಣ ಮರಳು ಕೈಗೆಟುಕುವಂತಿರಲಿ. ಎಣ್ಣೆಯ ಬೆಂಕಿಗೆ ನೀರು ಹಾಕಿದರೆ ಉರಿ ನೀರಿನ ಮೇಲೇರಿ ಹರಡುತ್ತದೆ.

2. ಡೀಸೆಲ್ಲನ್ನು ಸ್ವಚ್ಛವಾದ ಕ್ಯಾನಿಗೆ ಇಳಿಸಿ ಮುಚ್ಚಳ ಹಾಕಿ ದೂರವಿಡಿ. ಕೊಳವೆಗಳನ್ನು ಬಿಚ್ಚಿದ ಕೂಡಲೆ ಅವುಗಳ ತೆರೆದ ಬಾಯಿಗೆ ಶುಭ್ರವಾದ ಬಟ್ಟೆ ಕಟ್ಟಿರಿ. ಡೀಸೆಲ್ ಪಂಪಿಗೆ ಒಂದು ಕಣ ಮಣ್ಣು ಹೋದರೂ ಅದರ ಬೆಲೆ ಟ್ಯಾಂಕಿನ ಬೆಲೆಗಿಂತ ಹೆಚ್ಚಾದೀತು.

3. ಪಟ್ಟಿ ಸಡಿಲಿಸಿ ಟ್ಯಾಂಕನ್ನು ಕೆಳಗಿಳಿಸಿ, ನಲ್ಲಿ, ಜಾಲರಿ, ಮುಚ್ಚಳಗಳನ್ನು ತೆಗೆಯಿರಿ. ನಲ್ಲಿ ಕಚ್ಚಿಕೊಂಡಿದ್ದರೆ ಬಡಿಯಬೇಡಿ. ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಿರಿ.

4. ಹತ್ತು ಲೀಟರು ಕುದಿಯುವ ನೀರಿಗೆ ಅರ್ಧ ಕಿಲೋ ಬಟ್ಟೆ ಸೋಡಾ ಕರಗಿಸಿ, ಟ್ಯಾಂಕಿಗೆ ಹೊಯ್ದು, ಆರೂ ಮೈಗೆ ತಾಗುವಂತೆ ಹೊರಳಿಸಿ ಚೆಲ್ಲಿರಿ. ಸೋಡಾ ನೀರು ಕಣ್ಣಿಗೆ ಬಿದ್ದರೆ ಕೇಡು. ಕನ್ನಡಕವೂ ರಬ್ಬರ್ ಕೈಗವಸೂ ಇರಲಿ. ನೀರು ಕಾಯಿಸುವ ಒಲೆ ಗಾಳಿ ಬರುವ ದಿಕ್ಕಿನಲ್ಲಿ, ಕನಿಷ್ಠ ಮೂವತ್ತು ಅಡಿ ದೂರದಲ್ಲಿರಲಿ. ಹೊರಬಂದ ನೀರಿನ ಮೇಲೆ ಬಣ್ಣದ ಪೊರೆ ಕಾಣದಾಗುವವರೆಗೆ, ಟ್ಯಾಂಕಿನ ಬಾಯಲ್ಲಿ ವಾಸನೆ ಉಳಿಯದಾಗುವವರೆಗೆ ಇದನ್ನೇ ಆವರ್ತಿಸಬೇಕು. ಮೂರಕ್ಕಿಂತ ಕಡಿಮೆ ಸಲ ತೊಳೆದು ಸಾಕೆನ್ನಬೇಡಿ. ತೊಳೆದ ನೀರನ್ನು ಬಾವಿ, ಕೆರೆ, ದನಗಳ ತೊಟ್ಟಿಯ ಹತ್ತಿರ ಸುರಿಯಕೂಡದು.

5. ಒಳಗಿನ ತುಕ್ಕು ಉದುರಿಸಲು ಹಳೆಯ ಸೈಕಲ್ ಚೈನೊಂದನ್ನು ತಂತಿಗೆ ಕಟ್ಟಿ ಒಳಗೆ ಬಿಟ್ಟು, ಸ್ವಲ್ಪ ನೀರಿನೊಡನೆ ಕುಲುಕಿರಿ. ನಟ್ಟುಗಳನ್ನು ಬಳಸುವುದಾದರೆ ಹಾಕುವಾಗ ಎಣಿಸಿ, ತೆಗೆಯುವಾಗ ಎಣಿಸಿರಿ. ಉಳಿದ ತುಕ್ಕಿಗೆ, ಲೀಟರಿಗೆ 50ರಿಂದ 100 ಗ್ರಾಂ ನಿಂಬೆ ಉಪ್ಪು ಕರಗಿಸಿದ ನೀರನ್ನು ತುಂಬಿಸಿ ಒಂದು ಹಗಲು ಒಂದು ರಾತ್ರಿ ಬಿಡಬಹುದು. ಆಮ್ಲವು ಕಬ್ಬಿಣವನ್ನು ತಾಗಿದಾಗ ಜಲಜನಕವೆಂಬ ಉರಿಯುವ ಅನಿಲ ಹುಟ್ಟುವುದರಿಂದ ಬಾಯಿ ತೆರೆದಿರಲಿ, ಹತ್ತಿರ ಬೀಡಿಯ ಕಿಡಿಯೂ ಬೇಡ. ಅನಂತರ ಸೋಡಾ ನೀರು, ಬಳಿಕ ಬರಿಯ ನೀರು.

6. ಎಪಾಕ್ಸಿ ಹಚ್ಚುವುದಾದರೆ ತೂತಿನ ಸುತ್ತ ಎರಡು ಅಂಗುಲ ಬಣ್ಣ, ತುಕ್ಕು, ಜಿಡ್ಡು ಒಂದೂ ಉಳಿಯದಂತೆ ಎಮರಿ ಕಾಗದದಿಂದ ಉಜ್ಜಿ, ಲೋಹ ಬೆಳ್ಳಗೆ ಹೊಳೆಯುವಂತೆ ಮಾಡಿ, ಅದರ ಮೇಲೆ ಅಡ್ಡಾದಿಡ್ಡಿಯಾಗಿ ಗೀರುಗಳನ್ನೆಳೆಯಿರಿ. ಅಂಟು ಹಿಡಿದುಕೊಳ್ಳುವುದು ಆ ಗೀರುಗಳನ್ನೇ. ಎರಡು ಮುದ್ದೆಗಳನ್ನು ಸಮಪಾಲು ತೆಗೆದುಕೊಂಡು ಬಣ್ಣ ಒಂದಾಗುವವರೆಗೆ ನಾದಿ, ಮೊದಲ ಚೂರನ್ನು ರಂಧ್ರದೊಳಕ್ಕೆ ಒತ್ತಿ, ಉಳಿದುದನ್ನು ನಾಣ್ಯದಷ್ಟು ದಪ್ಪಕ್ಕೆ ಹರಡಿ ಅಂಚನ್ನು ತೆಳುವಾಗಿ ಸವರಿರಿ. ಇಪ್ಪತ್ತನಾಲ್ಕು ಗಂಟೆ ಅದನ್ನು ಮುಟ್ಟಬೇಡಿ.

7. ಬೆಸುಗೆಯಾದರೆ, ತೊಳೆದ ಮೇಲೂ ಟ್ಯಾಂಕಿಗೆ ನೀರು ತುಂಬಿಸಿಯೇ ಕೆಲಸ ಮಾಡಿಸಿರಿ. ತಳದ ತೂತಿಗೆ ಟ್ಯಾಂಕನ್ನು ಮಗುಚಿದಾಗ ನಲ್ಲಿಯ ರಂಧ್ರ ಮೇಲಕ್ಕೆ ಬರುತ್ತದೆ. ಮುಚ್ಚಳದ ಬಾಯನ್ನೂ ಹಿಂದಿರುಗುವ ಕೊಳವೆಯ ಬಾಯನ್ನೂ ಬಿಗಿಯಾಗಿ ಮುಚ್ಚಿ, ನಲ್ಲಿಯ ರಂಧ್ರದ ಮೂಲಕ, ತಗಡಿಗೆ ಒಂದು ಅಂಗುಲ ಕೆಳಗಿನವರೆಗೆ ನೀರು ಹೊಯ್ದು, ಆ ರಂಧ್ರವನ್ನು ತೆರೆದೇ ಇಡಿ. ಆವಿ ನಿಲ್ಲುವ ಎಡೆಯನ್ನು ಬಹುಮಟ್ಟಿಗೆ ನೀರು ಆಕ್ರಮಿಸುತ್ತದೆ. ಆ ಒಂದು ಅಂಗುಲ ಬಿಡದಿದ್ದರೆ ನೀರು ಬಿಸಿಯನ್ನೆಲ್ಲ ಹೀರಿ ಬೆಸುಗೆ ಹರಿಯುವುದಿಲ್ಲ. ನಲವತ್ತು ಲೀಟರು ನೀರೆಂದರೆ ನಲವತ್ತು ಕಿಲೋ. ಟ್ಯಾಂಕು ಮರಳ ಚೀಲಗಳ ಮೇಲೆ ಮಲಗಿರಲಿ. ಬೆಸುಗೆಯ ಸಲಾಕೆಯನ್ನು ದೂರದ ಕುಲುಮೆಯಲ್ಲಿ ಕಾಯಿಸಿ ತರಬೇಕೇ ಹೊರತು ಟ್ಯಾಂಕಿನ ಮೇಲೆ ಜ್ವಾಲೆ ಹಿಡಿಯಲೇಬಾರದು.

8. ತೇಪೆಯನ್ನು ತವರ ಲೇಪದ ತಗಡಿನಿಂದ, ತೂತಿನ ಅಂಚಿನಿಂದ ಎಲ್ಲ ಕಡೆಗೂ ಅರ್ಧ ಅಂಗುಲ ಮಿಕ್ಕುವಂತೆ ಕತ್ತರಿಸಿ, ಮೂಲೆಗಳನ್ನು ಗುಂಡಾಗಿಸಿರಿ. ಚೌಕದ ಮೂಲೆಯಲ್ಲಿ ಅದುರುವಿಕೆಯ ಒತ್ತಡವೆಲ್ಲ ಕೂಡಿ ಬೆಸುಗೆ ಅಲ್ಲಿಂದಲೇ ಏಳುತ್ತದೆ. ಟ್ಯಾಂಕಿಗೂ ತೇಪೆಗೂ ಬೇರೆಬೇರೆಯಾಗಿ ಬೆಸುಗೆಯ ತೆಳು ಲೇಪ ಹಿಡಿಸಿ, ಒಂದರ ಮೇಲೊಂದಿಟ್ಟು ಸಲಾಕೆಯಿಂದ ಒತ್ತಿದರೆ ಎರಡೂ ಕರಗಿ ಒಂದಾಗುತ್ತವೆ. ಹೊಳಪು ಮಾಸುವವರೆಗೆ ಅಲುಗಿಸಕೂಡದು. ಬೆಸುಗೆಗೆ ಬಳಸಿದ ನವಸಾಗರವನ್ನೋ ಸತು ಕರಗಿಸಿದ ಆಮ್ಲವನ್ನೋ ಕೂಡಲೆ ಬಿಸಿನೀರಿನಲ್ಲಿ ತೊಳೆಯಿರಿ. ಉಳಿದರೆ ಅದೇ ಹೊಸ ತುಕ್ಕಿನ ಬೀಜ. ಸೀಸ ವಿಷವಾದ್ದರಿಂದ ಕೈ ತೊಳೆಯದೆ ಎಲೆಯಡಿಕೆಯನ್ನೂ ಬಾಯಿಗಿಡಬೇಡಿ.

9. ಪರೀಕ್ಷೆ ಸೈಕಲ್ ಟ್ಯೂಬಿನ ಪಂಕ್ಚರ್ ನೋಡುವಂತೆಯೇ. ರಂಧ್ರಗಳನ್ನೆಲ್ಲ ಮುಚ್ಚಿ, ಒಂದಕ್ಕೆ ರಬ್ಬರ್ ನಳಿಕೆ ಸಿಕ್ಕಿಸಿ, ತೊಟ್ಟಿಯ ನೀರಿನಲ್ಲಿ ಟ್ಯಾಂಕನ್ನು ಅದುಮಿ ಹಿಡಿದು, ಬಾಯಿಂದ ಊದಿರಿ. ಗುಳ್ಳೆ ಏಳುವುದೇ ನೋಡಿರಿ. ತೊಟ್ಟಿ ಚಿಕ್ಕದಾದರೆ ಸೋಪಿನ ನೊರೆ ಬಳಿದು ಊದಿದರೂ ಆಯಿತು.

ಪದೇ ಪದೇ ಆಗುವ ತಪ್ಪುಗಳು

ಮೇಲಿನ ಪರೀಕ್ಷೆಗೆ ಪಂಕ್ಚರ್ ಅಂಗಡಿಯ ಕಂಪ್ರೆಸರನ್ನು ಬಳಸುವುದು ಅತ್ಯಂತ ಅಪಾಯದ ತಪ್ಪು. ಒಂದೂವರೆ ಅಡಿ ಉದ್ದ, ಒಂದಡಿ ಅಗಲದ ತಗಡಿನ ಮೇಲೆ ಚದರ ಅಂಗುಲಕ್ಕೆ ಎರಡು ಪೌಂಡಿನ ಒತ್ತಡ ಬಿದ್ದರೂ ಒಟ್ಟು ಬಲ 432 ಪೌಂಡು, ಎಂದರೆ 196 ಕಿಲೋಗ್ರಾಮಿನಷ್ಟು. ಕಂಪ್ರೆಸರಿನ 100 ಪೌಂಡು ಒತ್ತಡಕ್ಕೆ ಅದು ಒಂಬತ್ತು ಟನ್ನನ್ನು ಮೀರುತ್ತದೆ. ಅದಕ್ಕೆ ಮುಂಚೆಯೇ ಟ್ಯಾಂಕು ಉಬ್ಬಿ ಸೀಳುತ್ತದೆ. ಬಾಯಿಂದ ಊದುವುದರಲ್ಲಿ ಈ ಭಯವಿಲ್ಲ.

ಟ್ಯಾಂಕಿನೊಳಕ್ಕೆ ಇನ್ನೊಂದು ಟ್ರ್ಯಾಕ್ಟರಿನ ಹೊಗೆ ಬಿಟ್ಟರೆ ಗಾಳಿಯೆಲ್ಲ ಹೊರಟುಹೋಗಿ ವೆಲ್ಡಿಂಗು ಸುರಕ್ಷಿತವಾಗುತ್ತದೆಂದು ನಂಬಿದವರಿದ್ದಾರೆ. ಡೀಸೆಲ್ ಎಂಜಿನ್ನು ತನಗೆ ಬೇಕಾದುದಕ್ಕಿಂತ ಹೆಚ್ಚು ಗಾಳಿಯನ್ನು ಎಳೆದುಕೊಂಡು ಓಡತಕ್ಕ ಯಂತ್ರವಾದ್ದರಿಂದ, ಭಾರವಿಲ್ಲದೆ ಓಡುವಾಗ ಅದರ ಹೊಗೆಯಲ್ಲಿ ಉರಿಗೆ ಸಾಕಾಗುವಷ್ಟು ಆಮ್ಲಜನಕ ಉಳಿದೇ ಇರುತ್ತದೆ. ಈ ಉಪಾಯವನ್ನು ನಂಬಿ ಪ್ರಾಣಕ್ಕೆ ಸಂಚಕಾರ ತಂದುಕೊಳ್ಳಬೇಡಿ.

ತೇಪೆಗೆ ಮನೆಯ ಮೇಲಿನ ಜಿ.ಐ. ಶೀಟಿನ ಚೂರೇ ಸುಲಭವಾಗಿ ಸಿಗುತ್ತದೆ, ಅದು ತುಕ್ಕು ಹಿಡಿಯುವುದಿಲ್ಲವೆಂಬ ಹೆಗ್ಗಳಿಕೆಯೂ ಉಂಟು. ಆದರೆ ಅದರ ಮೇಲಿನ ಸತುವು ಡೀಸೆಲ್ಲಿನಲ್ಲಿರುವ ಆಮ್ಲಾಂಶಗಳೊಡನೆ ಕೂಡಿ, ಫಿಲ್ಟರನ್ನು ಕಟ್ಟುವ ಮಡ್ಡಿಯಾಗುತ್ತದೆ. ತಾಮ್ರದ ತಗಡೂ ಸಲ್ಲದು. ಅದರ ಸಂಗದಲ್ಲಿ ಡೀಸೆಲ್ಲು ಬೇಗ ಕೆಡುತ್ತದೆ.

ನಲ್ಲಿಯ ತಿರುಪಿಗೆ ಬಿಳಿಯ ಟೇಪು ಸುತ್ತಿದರೆ ಅದರ ಎಳೆಗಳು ಹರಿದು ಪಂಪಿನ ಕಡೆಗೆ ಹೋಗುತ್ತವೆ. ಸಿಲಿಕೋನ್ ಅಂಟು ಡೀಸೆಲ್ಲಿನಲ್ಲಿ ಉಬ್ಬಿ ಕಿತ್ತುಬರುತ್ತದೆ. ಹಿಂದಿನ ಮೆಕ್ಯಾನಿಕ್ಕುಗಳು ಹಚ್ಚುತ್ತಿದ್ದ ಶೆಲಾಕ್ ನಮ್ಮ ಅರಗಿನಿಂದಲೇ ಆದದ್ದು, ಡೀಸೆಲ್ಲಿನಲ್ಲಿ ಅದು ಕರಗುವುದಿಲ್ಲ, ಇಂದಿಗೂ ಅದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

ಇನ್ನು ನಾನೇ ಮಾಡಿದ ತಪ್ಪು: ಟ್ಯಾಂಕನ್ನು ಇಳಿಸುವ ಶ್ರಮಕ್ಕೆ ಅಂಜಿ, ಡೀಸೆಲ್ಲು ಒಸರುತ್ತಿರುವಾಗಲೇ ಬಟ್ಟೆಯಿಂದ ಒರೆಸಿ ಎಪಾಕ್ಸಿ ಮೆತ್ತಿದೆ. ಮೂರು ವಾರ ಚೆನ್ನಾಗಿತ್ತು. ಬಳಿಕ ಒಂದು ದಿನ ಕುಂಟೆ ಹೊಡೆಯುತ್ತಿದ್ದಾಗ ಆ ಮುದ್ದೆ ಒಣಗಿದ ಬೆರಣಿಯಂತೆ ಇಡಿಯಾಗಿ ಕಳಚಿಕೊಂಡು ಬಿತ್ತು. ಎತ್ತಿ ನೋಡಿದರೆ ಅದರ ಒಳಮೈ ಕನ್ನಡಿಯಂತೆ ನಯವಾಗಿತ್ತು, ಅದರ ಮೇಲೆ ಡೀಸೆಲ್ಲಿನ ಜಿಡ್ಡು ಮಿರುಗುತ್ತಿತ್ತು. ಅಂಟು ಹಿಡಿದಿದ್ದದ್ದು ತಗಡನ್ನಲ್ಲ, ಜಿಡ್ಡನ್ನು.

ಮತ್ತೆ ಜೋಡಿಸುವಾಗ

ತೊಳೆದ ಟ್ಯಾಂಕನ್ನು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ, ಅದೇ ದಿನ ಒಂದು ಲೀಟರು ಡೀಸೆಲ್ಲು ಹಾಕಿ ಒಳಮೈಗೆಲ್ಲ ಸವರುವಂತೆ ಹೊರಳಿಸಿರಿ. ಬೆತ್ತಲೆ ಲೋಹ ರಾತ್ರಿಯ ತೇವಕ್ಕೆ ಬೆಳಗಾಗುವುದರೊಳಗೆ ಕೆಂಪಾಗಬಲ್ಲದು. ಪಟ್ಟಿಯ ಕೆಳಗೆ ಹಳೆಯ ಕಂಬಳಿಯ ಬದಲು ನೀರು ಹೀರದ ಗಟ್ಟಿ ರಬ್ಬರಿನ ತುಂಡಿರಲಿ, ವಾಷರುಗಳೆಲ್ಲ ಹೊಸವಾಗಿರಲಿ. ಮುಚ್ಚಳದ ಉಸಿರುಗಂಡಿಯನ್ನು ಸೂಜಿಯಿಂದ ಚುಚ್ಚಿ ನೋಡಿರಿ. ಅದು ಕಟ್ಟಿಕೊಂಡಿದ್ದರೆ ಎಂಜಿನ್ನು ಅರ್ಧ ಗಂಟೆ ಓಡಿ ಡೀಸೆಲ್ಲು ಸಾಲದೆ ನಿಲ್ಲುತ್ತದೆ, ನಾವು ನಿರಪರಾಧಿಯಾದ ಪಂಪನ್ನು ಬಿಚ್ಚಲು ಹೊರಡುತ್ತೇವೆ.

ಟ್ಯಾಂಕು ಇಳಿದ ಮೇಲೆ ಕೊಳವೆಗಳಲ್ಲಿ ಗಾಳಿ ಸೇರಿರುವುದು ಖಂಡಿತ; ಏರ್ ಹಿಡಿದ ಎಂಜಿನ್ನು ಎಷ್ಟು ತಿರುಗಿಸಿದರೂ ಹೊತ್ತಿಕೊಳ್ಳದು. ಫಿಲ್ಟರಿನ ಮೇಲಿನ ಏರ್ ಸ್ಕ್ರೂ ಸಡಿಲಿಸಿ, ಫೀಡ್ ಪಂಪಿನ ಕೈ ಸನ್ನೆಯನ್ನು ಆಡಿಸುತ್ತ, ನೊರೆ ನಿಂತು ಶುದ್ಧ ಡೀಸೆಲ್ಲು ಬಂದೊಡನೆ ಬಿಗಿಯಿರಿ. ಆಮೇಲೆ ಡೀಸೆಲ್ ಪಂಪಿನ ಸ್ಕ್ರೂವಿನಲ್ಲಿ ಹಾಗೆಯೇ ಮಾಡಿರಿ. ಇಂಜೆಕ್ಟರಿನ ನಟ್ಟನ್ನು ಸಡಿಲಿಸಿ ಎಂಜಿನ್ನು ತಿರುಗಿಸುವಾಗ ಕೈಯನ್ನು ದೂರವಿಡಿ. ಅಲ್ಲಿಂದ ಚಿಮ್ಮುವ ಡೀಸೆಲ್ಲು ಚರ್ಮವನ್ನು ತೂರಿಕೊಂಡು ಒಳಹೋಗುವಷ್ಟು ರಭಸವುಳ್ಳದ್ದು, ಹಾಗಾದರೆ ನೋವಿರಲಿ ಇಲ್ಲದಿರಲಿ ಆ ಗಳಿಗೆಯೇ ಆಸ್ಪತ್ರೆಗೆ ಹೋಗತಕ್ಕದ್ದು.

ತೇಪೆಯ ಸುತ್ತ ಸೀಮೆಸುಣ್ಣ ಬಳಿದು ಮೂರು ದಿನ ಹೊಲದಲ್ಲಿ ಓಡಿಸಿರಿ. ಬಿಳುಪು ಹಾಗೆಯೇ ಉಳಿದರೆ ಬಣ್ಣ ಹಚ್ಚಬಹುದು. ಎಷ್ಟು ತೊಳೆದರೂ ಸ್ವಲ್ಪ ತುಕ್ಕಿನ ಪುಡಿ ಉಳಿದಿರುವುದರಿಂದ, ಮೊದಲ ಹದಿನೈದು ದಿನ ಫಿಲ್ಟರಿನ ಕಡೆ ಕಣ್ಣಿರಲಿ, ಆ ಬಳಿಕ ಅದನ್ನು ಬದಲಾಯಿಸಿರಿ. ಕೆಲಸ ಮುಗಿದ ಸಂಜೆಯೇ ಟ್ಯಾಂಕು ತುಂಬಿಸಿಟ್ಟರೆ ರಾತ್ರಿಯ ತೇವಕ್ಕೆ ಒಳಗೆ ಜಾಗವಿರುವುದಿಲ್ಲ. ಬೆಳಗ್ಗೆ ಎಂಜಿನ್ನು ಹೂಡುವ ಮುನ್ನ, ರಾತ್ರಿಯೆಲ್ಲ ನೀರು ತಳಕ್ಕಿಳಿದು ತಿಳಿಯಾಗಿ ನಿಂತಿರುವಾಗ, ನಲ್ಲಿಯ ಕೆಳಗಿನ ಗಾಜಿನ ಬಟ್ಟಲನ್ನು ಬೆಳಕಿಗೆ ನೋಡಿರಿ. ತಳದಲ್ಲಿ ಬಣ್ಣವಿಲ್ಲದ ಮಣಿಗಳು ಕೆಸುವಿನೆಲೆಯ ಮೇಲಿನ ನೀರಿನಂತೆ ಹೊರಳಾಡುತ್ತಿದ್ದರೆ ಬಟ್ಟಲನ್ನು ಬಿಚ್ಚಿ ಚೆಲ್ಲಿ, ಒರೆಸಿ, ಮತ್ತೆ ಬಿಗಿಯಿರಿ. ತಳದಲ್ಲಿ ನೀರು ಬಿಡುವ ತಿರುಪಿದ್ದರೆ ಅದನ್ನೂ ಒಂದು ಲೋಟ ಹರಿಯುವಷ್ಟು ಹೊತ್ತು ತೆರೆಯಿರಿ.